ಎರಡು ಪೇಟಿ ಬೇಕು ಅಜ್ಜಾ

ಡಬ್ಲಿನ್

ತೀರ್ಥರೂಪ ಅಜ್ಜನವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಆಯಿಯ ಮೊಣಕಾಲು ನೋವು ಈಗ ಹೇಗಿದೆ? ಸಿದ್ಧೇಶ್ವರ ಜಾತ್ರೆಯ ಫೋಟೊ ಕಾಕಾ ಕಳಿಸಿದ್ದರು. ಅಮ್ಮ ಅವನ್ನು ಮತ್ತೆ ಮತ್ತೆ ತೆಗೆದು ನೋಡುತ್ತಾಳೆ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: "ನಾಲ್ಕು ಮಂದಿ ಒಮ್ಮೆಲೇ ನಾಲ್ಕು ಸ್ವರ ಹಾಡಿದ್ರ ಗದ್ದಲ ಆಗೂದಿಲ್ಲೇನು?" ಇದಕ್ಕೆ ಸರಿಯಾಗಿ ಕೂತು ಬರೆದೇ ಉತ್ತರ ಕೊಡಬೇಕು ಅನಿಸಿತು.

ಜೂನ್‌ನಲ್ಲಿ ನನ್ನ ಲೀವಿಂಗ್ ಸರ್ಟ್ ಪರೀಕ್ಷೆ. ನಮ್ಮ ಕಡೆಯ ಪಿಯುಸಿ ಇದ್ದ ಹಾಗೆ. ಇಲ್ಲಿ ಸಂಗೀತವೂ ಪರೀಕ್ಷೆಯ ಒಂದು ವಿಷಯ, 400 ಅಂಕಕ್ಕೆ. ಅದರಲ್ಲಿ 100 ಅಂಕ ಸ್ವರ ಬರೆಯುವುದಕ್ಕೆ: ಮೆಲೊಡಿಗೆ, ಅಂದರೆ ಒಂದೇ ಹಾಡಿನ ಸಾಲಿಗೆ 40; ಹಾರ್ಮನಿಗೆ, ಅಂದರೆ ಒಟ್ಟಿಗೆ ಕೇಳುವ ಬೇರೆ ಬೇರೆ ಸ್ವರಗಳಿಗೆ 60. ಸಮಯ ಒಂದೂವರೆ ಗಂಟೆ. ಎದುರಿಗೆ ಪಿಯಾನೋ ಇರುವುದಿಲ್ಲ. ಎಲ್ಲ ಸ್ವರ ತಲೆಯೊಳಗೇ ಕೇಳಬೇಕು. ಹಾರ್ಮೋನಿಯಂ ಪೇಟಿ ಮುಟ್ಟಲು ಬಿಡುವ ಮೊದಲು ನೀವು ನನ್ನ ಕೈಲಿ ಸರಗಮ್ ಬಾಯಿಪಾಠ ಮಾಡಿಸಿದಿರಲ್ಲ, ಅದು ಈಗ ಎಷ್ಟು ಕೈಹಿಡಿಯುತ್ತಿದೆ ಗೊತ್ತಾ!

ನಿಮ್ಮ ಮಿರಜಿನ ತಂಬೂರಿಯಿಂದಲೇ ಶುರು ಮಾಡುತ್ತೇನೆ. ಜವಾರಿ, ಅಂದರೆ ತಂತಿಯ ಆ ಝೇಂಕಾರ, ಚೆನ್ನಾಗಿ ಕೂತಾಗ ಎಲ್ಲಕ್ಕಿಂತ ಕೆಳಗಿನ ಖರ್ಜದ ತಂತಿಯೊಳಗೆ ಗಾಂಧಾರ ತಾನಾಗಿಯೇ ಕೇಳುತ್ತದೆ, ಅಲ್ವಾ? ಆ ಒಂದೇ ತಂತಿಯಲ್ಲಿ ಸ ಇದೆ, ಪ ಇದೆ, ಗ ಕೂಡ ಇದೆ. ಇಲ್ಲಿಯವರು ಆ ಮೂರನ್ನೂ ಹೊರಗೆ ತಂದು ಒಟ್ಟಿಗೆ ನುಡಿಸುತ್ತಾರೆ. ಅದಕ್ಕೆ ಮೇಜರ್ ಕಾರ್ಡ್ ಅನ್ನುತ್ತಾರೆ. ಅಂದರೆ ಅದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕೇಳುತ್ತಲೇ ಇತ್ತು. ಒಂದು ವ್ಯತ್ಯಾಸ ಮಾತ್ರ ಇದೆ. ತಂಬೂರಿಯ ಗಾಂಧಾರಕ್ಕಿಂತ ಪಿಯಾನೋದ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ. ಪೂರ್ತಿ ಸಪ್ತಕಕ್ಕೆ 1200 ಸೆಂಟ್ ಅಂತ ಲೆಕ್ಕ. ಪೇಟಿಯ ಗಾಂಧಾರ ಚುಚ್ಚುತ್ತದೆ ಅಂತ ನೀವು ಹೇಳುತ್ತಿದ್ದದ್ದು ಇದನ್ನೇ.

ಈಗ ಗದ್ದಲದ ಮಾತು. ಪೇಟಿಯಲ್ಲಿ ಒಂದು ಕೈ ಗಾಳಿ ಹಾಕುತ್ತದೆ, ಇನ್ನೊಂದು ಕೈ ಹಾಡಿನ ಹಿಂದೆಯೇ ಹೋಗುತ್ತದೆ. ಹಾರ್ಮನಿಯಲ್ಲಿ ಹಾಗಲ್ಲ. ಹಾಡು ಒಂದು ದಾರಿ ಹಿಡಿದರೆ, ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ, ತನ್ನದೇ ದಾರಿ ಹಿಡಿಯಬೇಕು. ಮೇಲೆ ಪ ಇದ್ದಾಗ ಕೆಳಗೆ ಸ ಇದ್ದರೆ ಚೆಂದ. ಆದರೆ ಮೇಲಿನದು ಪ ಬಿಟ್ಟು ಧಕ್ಕೆ ಹೋಗುವಾಗ ಕೆಳಗಿನದೂ ಸ ಬಿಟ್ಟು ರೆಗೆ ಹೋಗುವಂತಿಲ್ಲ. ಹೋದರೆ ಅಂಕ ಹೋಗುತ್ತದೆ. ಸ ಮತ್ತು ಪ ಒಂದರೊಳಗೊಂದು ಎಷ್ಟು ಬೆರೆಯುತ್ತವೆ ಅಂದರೆ, ಅದೇ ಅಂತರದಲ್ಲಿ ಜೊತೆಯಾಗಿ ನಡೆದರೆ ಎರಡು ದನಿ ಒಂದೇ ಆಗಿಬಿಡುತ್ತವೆ. ಒಬ್ಬರು ಕಾಣೆಯಾದ ಹಾಗೆ. ತಂಬೂರಿಯಲ್ಲಿ ನಾವು ಬೇಕು ಅಂತ ಹುಡುಕುವ ಆ ಬೆರಕೆಯನ್ನೇ ಇಲ್ಲಿ ಬೇಡ ಅನ್ನುತ್ತಾರೆ. ಯಾಕೆಂದರೆ ಪ್ರತಿ ದನಿಯೂ ಬೇರೆಯಾಗಿ ಕೇಳಬೇಕು. ಈ ನಿಯಮ ನನಗೆ ಬಹಳ ಇಷ್ಟ. ಬಾಖ್ (1685–1750) ಬರೆದ ನಾಲ್ಕು ದನಿಯ ಭಜನೆಗಳನ್ನು ನಮ್ಮ ಟೀಚರ್ ತರಗತಿಯಲ್ಲಿ ಹಾಡಿಸುತ್ತಾರೆ. ನನ್ನದು ಆಲ್ಟೊ, ಮೇಲಿನಿಂದ ಎರಡನೆಯ ದನಿ. ನನ್ನ ಸಾಲನ್ನಷ್ಟೇ ಹಾಡಿದರೂ ಅದು ಒಂದು ಹಾಡೇ. ಗದ್ದಲ ಆಗದೇ ಇರುವುದು ಅದಕ್ಕೇ ಅಜ್ಜಾ.

ಮೆಲೊಡಿಯ ಪ್ರಶ್ನೆಯಲ್ಲಿ ಮೊದಲ ಸಾಲು ಅವರೇ ಕೊಡುತ್ತಾರೆ. ಅದನ್ನು 16 ಬಾರ್‌ಗೆ ಬೆಳೆಸಬೇಕು; ಬಾರ್ ಅಂದರೆ ನಮ್ಮ ತಾಳದ ಒಂದು ಸಣ್ಣ ಸುತ್ತಿನ ಹಾಗೆ. ಕೊಟ್ಟ ಸಾಲಿನ ಮುಖ ಎಲ್ಲೂ ಮರೆಯಾಗಬಾರದು. ನೀವು ಬಂದಿಶಿನ ಒಂದು ತುಂಡನ್ನೇ ಹಿಡಿದು ಬಗೆಬಗೆಯಾಗಿ ತಿರುಗಿಸುವುದನ್ನು ಕೇಳಿ ಬೆಳೆದವಳಿಗೆ ಇದು ಕಷ್ಟವಲ್ಲ. ಕಷ್ಟದ ಜಾಗ ನಡುವೆ ಬರುತ್ತದೆ. ಅಲ್ಲಿ ಸ ತನ್ನ ಮನೆ ಬಿಟ್ಟು ಪಂಚಮಕ್ಕೆ ಹೋಗಬೇಕು. ಪೇಟಿಯ ಬಿಳಿ ಒಂದನೆಯ ಕೀಲಿಯನ್ನು ಸ ಮಾಡಿಕೊಂಡ ಹಾಡು ಸ್ವಲ್ಪ ಹೊತ್ತು ಬಿಳಿ ಐದರ ಹಾಡಾಗಬೇಕು. ಅದಕ್ಕೆ ಶುದ್ಧ ಮ ತೆಗೆದು ತೀವ್ರ ಮ ಹಾಕುತ್ತಾರೆ. ನನ್ನ ಕಿವಿ ತಕ್ಷಣ ಯಮನ್ ರಾಗ ಅನ್ನುತ್ತದೆ! ಆದರೆ ಯಮನ್‌ನಲ್ಲಿ ಸ ಅಲುಗುವುದಿಲ್ಲ. ಇಲ್ಲಿ ಆ ತೀವ್ರ ಮ ಹೊಸ ಸ-ದ ನಿಷಾದವಾಗಿ, ಅಂದರೆ ಅದರ ಕೆಳಗಿನ ಪಕ್ಕದ ಸ್ವರವಾಗಿ ನಿಂತು, ಕೇಳುವವರನ್ನು ಪಂಚಮದ ಕಡೆ ಎಳೆಯುತ್ತದೆ. ಆಮೇಲೆ ಶುದ್ಧ ಮ ಹಾಕಿ ವಾಪಸ್ ಕರೆತರಬೇಕು. ಸ ಒಂದೇ ಕಡೆ ನಿಂತಿರುವ ಸಂಗೀತದಲ್ಲಿ ಬೆಳೆದ ನನಗೆ, ಹೀಗೆ ಹೊರಟು ಮನೆಗೆ ಬರುವ ನಾಲ್ಕೈದು ಬಾರ್ ಬರೆಯುವಾಗ ಮೈ ಜುಂ ಅನ್ನುತ್ತದೆ.

ನನ್ನ ಹಾಡಿನ ಕೊನೆಯ ಭಾಗ ಬರೆದು ಕಳಿಸುತ್ತಿದ್ದೇನೆ. ಬಿಳಿ ಒಂದರಲ್ಲಿದೆ.

ಮೇಲಿನದು, ಮಧ್ಯ ಸಪ್ತಕ: ಮ ಗ ರೆ ಸ
ಕೆಳಗಿನದು, ಮಂದ್ರ ಸಪ್ತಕ: ಧ ಸ ಪ ಸ

ನೀವು ಮೇಲಿನದನ್ನು ನುಡಿಸಿ. ಕೆಳಗಿನದನ್ನು ತಮ್ಮನಿಗೆ ಕೊಡಿ, ಅವನಿಗೆ ಇಷ್ಟು ಸುಲಭ. ಭಜನಾ ಮಂಡಳಿಯ ಪೇಟಿಯನ್ನು ಒಂದು ದಿನ ಮನೆಗೆ ತನ್ನಿ. ಎರಡೂ ಪೇಟಿ ಒಂದೇ ಸ್ಕೇಲಿಗೆ ಸೇರುತ್ತವಾ ಅಂತ ಮೊದಲು ನೋಡಿಕೊಳ್ಳಿ. ನಿಧಾನ ಲಯ ಸಾಕು. ಗ ಇಳಿದು ರೆಗೆ ಬರುವಾಗ ಕೆಳಗಿನ ಸ ಏರಿ ಪಕ್ಕೆ ಹೋಗುತ್ತದೆ, ಅಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಆ ರೆ-ಪ ಮೇಲೆ ಒಂದು ಕ್ಷಣ ನಿಂತು ನೋಡಿ. ಸಕ್ಕೆ ಬರಲೇಬೇಕು ಅನಿಸುತ್ತದೆ. ಇದನ್ನೇ ಇಲ್ಲಿ ಪರ್ಫೆಕ್ಟ್ ಕೇಡೆನ್ಸ್ ಅನ್ನುತ್ತಾರೆ.

ಇನ್ನೊಂದು ಆಸೆ. ರಜೆಯಲ್ಲಿ ನಾನು ಬಂದಾಗ ಬೆಳಗ್ಗೆ ಬೇಗ, ಜನ ಸೇರುವ ಮೊದಲು, ಗೋಳಗುಮ್ಮಟಕ್ಕೆ ಹೋಗೋಣ. ಮೇಲಿನ ಗ್ಯಾಲರಿಯಲ್ಲಿ ನೀವು ಸ ಹಿಡಿಯಿರಿ, ತಮ್ಮ ಪ, ನಾನು ಗ. ದನಿ ಮತ್ತೆ ಮತ್ತೆ ಮರಳಿ ಬರುವ ಆ ಜಾಗದಲ್ಲಿ ಮೂರೂ ಸೇರಿದರೆ ಹೇಗಿರುತ್ತದೆ ಅಂತ ನನಗೆ ಕೇಳಲೇಬೇಕು. ಮೆಟ್ಟಿಲು ಜಾಸ್ತಿ, ಆದರೆ ನಡುನಡುವೆ ಕೂತು ಹೋಗೋಣ.

ಪೇಟಿ ನುಡಿಸಿದ್ದನ್ನು ಕಾಕಾನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ ಕಳಿಸಿ. ಟೀಚರ್‌ಗೂ ಕೇಳಿಸುತ್ತೇನೆ. ಆಯಿಗೆ ನಮಸ್ಕಾರ, ತಮ್ಮನಿಗೆ ಪ್ರೀತಿ.

ಇಂತಿ ನಿಮ್ಮ ಮೊಮ್ಮಗಳು