ಆನ್‌ಲೈನ್ ಅಂಗಿ: ಅಳತೆ, ಬಟ್ಟೆಯ ತೂಕ ಎರಡನ್ನೂ ನಮೂದಿಸಲಿ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಕ್ಯಾಶುವಲ್ ಶರ್ಟ್ ಕೊಳ್ಳುವವರಲ್ಲಿ ಅನೇಕರು ಒಂದೇ ಅಂಗಿಯನ್ನು ಎರಡು ಸೈಜ್‌ಗಳಲ್ಲಿ ತರಿಸಿಕೊಂಡು, ಹೊಂದದ್ದನ್ನು ಹಿಂದಿರುಗಿಸುವುದನ್ನು ರೂಢಿ ಮಾಡಿಕೊಂಡಿದ್ದಾರೆ. ನಗರದಲ್ಲಿರುವವರಿಗೆ ಇದು ಹೇಗೋ ನಡೆದುಹೋಗುತ್ತದೆ. ಪಾರ್ಸೆಲ್ ತಂದುಕೊಡುವ ಕೊರಿಯರ್‌ನವರು ಅದನ್ನು ವಾಪಸ್ ಒಯ್ಯಲು ಬಾರದಿರುವ ಊರುಗಳಲ್ಲಿ ಮಾತ್ರ, ಭುಜ ಬಿಗಿಯಾದ ಅಂಗಿ ಬೀರುವಿನಲ್ಲೇ ಉಳಿಯುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ದುಡಿದ ನನಗೆ ಈ ನಷ್ಟ ತಪ್ಪಿಸಬಹುದಾದದ್ದು ಎಂದು ಖಚಿತವಾಗಿ ಗೊತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಾರ್ಖಾನೆಗೆ ಬರುವ ಪ್ರತಿ ಆರ್ಡರ್ ಜೊತೆಗೆ ಒಂದು ಸ್ಪೆಕ್ ಶೀಟ್ ಇರುತ್ತದೆ. ಎದೆ, ಭುಜ, ತೋಳು, ಉದ್ದ, ಕಾಲರ್ ಇವು ಯಾವ ಸೈಜ್‌ಗೆ ಎಷ್ಟಿರಬೇಕು, ಎಷ್ಟು ಹೆಚ್ಚುಕಮ್ಮಿ ಆದರೆ ಒಪ್ಪಬಹುದು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಬಟ್ಟೆಯ ತೂಕವನ್ನೂ ಹಾಗೆಯೇ ಪರೀಕ್ಷಿಸಲಾಗುತ್ತದೆ: ದುಂಡನೆಯ ಕಟರ್‌ನಿಂದ ಸರಿಯಾಗಿ 100 ಚದರ ಸೆಂಟಿಮೀಟರ್ ಬಟ್ಟೆಯನ್ನು ಕತ್ತರಿಸಿ, ಸೂಕ್ಷ್ಮ ತಕ್ಕಡಿಯಲ್ಲಿಟ್ಟು, ಬಂದ ಗ್ರಾಂ ಲೆಕ್ಕವನ್ನು 100ರಿಂದ ಗುಣಿಸುತ್ತಾರೆ. ಆ ತುಂಡು 1.2 ಗ್ರಾಂ ತೂಗಿದರೆ ಬಟ್ಟೆ 120 ಜಿಎಸ್‌ಎಂ, ಅಂದರೆ ಚದರ ಮೀಟರ್‌ಗೆ 120 ಗ್ರಾಂ. ಅಂಗಿ ಹೊಲಿಯುವ ಮೊದಲೇ ಸಿದ್ಧವಿರುವ ಈ ಅಂಕಿಗಳು ಮಾರಾಟದ ಪುಟಕ್ಕೆ ಬರುವ ಹೊತ್ತಿಗೆ ಮಾಯವಾಗಿ, ಅವುಗಳ ಜಾಗದಲ್ಲಿ ‘ಪ್ರೀಮಿಯಂ ಫ್ಯಾಬ್ರಿಕ್’, ‘ಕಂಫರ್ಟ್ ಫಿಟ್’ ಎಂಬ ಬಣ್ಣನೆ ಕುಳಿತಿರುತ್ತದೆ.

ಅಳತೆಯ ಗೊಂದಲ ಎಲ್ಲಕ್ಕಿಂತ ದೊಡ್ಡದು. ನಮ್ಮ ಮಾರುಕಟ್ಟೆಯಲ್ಲಿ ‘40’ ಎಂಬ ಸೈಜ್ ಒಂದು ಕಂಪನಿಯಲ್ಲಿ ಕಾಲರಿನ ಸುತ್ತಳತೆ 40 ಸೆಂಟಿಮೀಟರ್ ಎಂಬುದನ್ನು ಸೂಚಿಸಿದರೆ, ಇನ್ನೊಂದರಲ್ಲಿ ಎದೆಯ ಸುತ್ತಳತೆ 40 ಇಂಚು ಎಂಬುದನ್ನು ಸೂಚಿಸುತ್ತದೆ. ಅದೇ 40ನ್ನು ಒಬ್ಬರು ಎಂ ಎಂದೂ ಮತ್ತೊಬ್ಬರು ಎಲ್ ಎಂದೂ ಕರೆಯುತ್ತಾರೆ. ಸೈಜ್ ಚಾರ್ಟ್ ಕೊಟ್ಟಿರುವ ಕಡೆಯೂ ಅದು ಮೈಯಳತೆಯೋ ಅಂಗಿಯ ಅಳತೆಯೋ ಎಂಬುದನ್ನು ಬಹಳ ಸಲ ಹೇಳಿರುವುದಿಲ್ಲ. ಎದೆ 40 ಇಂಚು ಇರುವವರಿಗೆ ರೆಗ್ಯುಲರ್ ಫಿಟ್ ಅಂಗಿ ಸುಮಾರು 44 ಇಂಚು ಇರಬೇಕು, ಸ್ಲಿಮ್ ಫಿಟ್ ಆದರೆ 42ರ ಆಸುಪಾಸು. ಉಸಿರಾಡಲು, ಕೈ ಎತ್ತಲು, ಕೂತು ಏಳಲು ಬಿಡುವ ಈ ಸಡಿಲವನ್ನು ನಮ್ಮ ದರ್ಜಿಗಳು ಕೇಳದೆಯೇ ಸೇರಿಸುತ್ತಿದ್ದರು. ಆನ್‌ಲೈನ್‌ನಲ್ಲಿ ಅದನ್ನು ಸೇರಿಸಿ ಹೇಳಿದ್ದಾರೋ ಇಲ್ಲವೋ ಎಂದು ಗಿರಾಕಿಯೇ ಊಹಿಸಬೇಕಾಗಿದೆ.

ಈ ಊಹೆಯಿಂದ ಪಾರಾಗಲು ಓದುಗರು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಚೆನ್ನಾಗಿ ಕೂರುವ, ಹಲವು ಸಲ ಒಗೆದಿರುವ ನಿಮ್ಮದೇ ಅಂಗಿಯೊಂದರ ಗುಂಡಿ ಹಾಕಿ, ಸುಕ್ಕಿಲ್ಲದಂತೆ ಮೇಜಿನ ಮೇಲೆ ಹರಡಿ, ಕಂಕುಳಿನ ಹೊಲಿಗೆಯಿಂದ ಒಂದು ಇಂಚು ಕೆಳಗೆ ಈ ಅಂಚಿನಿಂದ ಆ ಅಂಚಿಗೆ ಟೇಪು ಹಿಡಿಯಿರಿ. 22 ಇಂಚು ಬಂದರೆ ಅಂಗಿಯ ಎದೆ 44 ಇಂಚು. ಬೆನ್ನಿನ ಕಡೆ ಒಂದು ಭುಜದ ಹೊಲಿಗೆಯಿಂದ ಇನ್ನೊಂದಕ್ಕೆ ಎಷ್ಟಿದೆ, ಕಾಲರಿನ ಬುಡದಿಂದ ಕೆಳಗಿನ ಅಂಚಿಗೆ ಎಷ್ಟಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಪುಟದಲ್ಲಿ ಅಂಗಿಯದೇ ಅಳತೆ ಕೊಟ್ಟಿದ್ದರೆ ಈ ಮೂರನ್ನು ಹೋಲಿಸಿದರೆ ಸಾಕು, ಎಂ, ಎಲ್ ಅಕ್ಷರಗಳನ್ನು ನೋಡಬೇಕಾಗಿಯೇ ಇಲ್ಲ. ಭುಜ ಇಳಿಬಿಟ್ಟು ಹೊಲಿಯುವ ಓವರ್‌ಸೈಜ್ಡ್ ಅಂಗಿಗಳಲ್ಲಿ ಮಾತ್ರ ಭುಜದ ಅಳತೆ ನಂಬಿಕೆಗೆ ಬರುವುದಿಲ್ಲ.

ಇನ್ನು ಬಟ್ಟೆಯ ತೂಕ. ಶರ್ಟಿಗೆ ಬಳಸುವ ತೆಳು ಪಾಪ್ಲಿನ್ ಸಾಮಾನ್ಯವಾಗಿ 100ರಿಂದ 130 ಜಿಎಸ್‌ಎಂ ಇದ್ದರೆ, ಆಕ್ಸ್‌ಫರ್ಡ್ ನೇಯ್ಗೆ 140ರಿಂದ 180ರವರೆಗೆ ಇರುತ್ತದೆ, ಫ್ಲಾನೆಲ್ ಅದಕ್ಕೂ ಮೇಲೆ ಹೋಗಬಹುದು. ತುಂಬು ತೋಳಿನ ಅಂಗಿಗೆ ಸುಮಾರು 2 ಚದರ ಮೀಟರ್ ಬಟ್ಟೆ ಬೇಕೆಂದಿಟ್ಟುಕೊಂಡರೆ, 120ಕ್ಕೂ 180ಕ್ಕೂ ಮೈಮೇಲೆ 120 ಗ್ರಾಂ ವ್ಯತ್ಯಾಸ. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಈ ಅಂತರ ಬೆವರಾಗಿ ಇಳಿಯುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ದಪ್ಪ ಬಟ್ಟೆಯೇ ಹಿತ, ಆದರೆ ಒಣಗಲು ತಡ. ತೂಕ ಹೆಚ್ಚಿದ್ದರೆ ಗುಣಮಟ್ಟ ಹೆಚ್ಚು ಎಂಬ ನಂಬಿಕೆ ತಪ್ಪು. ಸಣ್ಣ ನೂಲಿನಿಂದ ಒತ್ತಾಗಿ ನೇಯ್ದ ಹಗುರ ಬಟ್ಟೆ ದುಬಾರಿಯೂ ಬಾಳಿಕೆಯದೂ ಆಗಿರಬಹುದು. ಜೊತೆಗೆ ನಾರು ಯಾವುದು ಎಂಬುದು ತಿಳಿಯದಿದ್ದರೆ ತೂಕವೊಂದನ್ನೇ ಕಟ್ಟಿಕೊಂಡು ಪ್ರಯೋಜನವಿಲ್ಲ. 110 ಜಿಎಸ್‌ಎಂನ ಪಾಲಿಯೆಸ್ಟರ್ ಅಂಗಿ 150ರ ಲಿನನ್ ಅಂಗಿಗಿಂತ ಹೆಚ್ಚು ಸೆಕೆ ಹುಟ್ಟಿಸಬಲ್ಲದು. ಆದ್ದರಿಂದ ‘ಕಾಟನ್ ಬ್ಲೆಂಡ್’ ಎಂದು ಬರೆದು ಶೇಕಡಾವಾರು ಹೇಳದ ಪುಟಗಳನ್ನು ನಾನು ನಂಬುವುದಿಲ್ಲ.

ನೀರಿಗೆ ಹಾಕಿದ ಮೇಲೆ ಹತ್ತಿ ಬಟ್ಟೆ ಕುಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶೇ 5ರಷ್ಟು ಕುಗ್ಗಿದರೂ 30 ಇಂಚು ಉದ್ದದ ಅಂಗಿ ಒಂದೂವರೆ ಇಂಚು ಮೋಟಾಗುತ್ತದೆ.

ಕಾನೂನು ಈ ದಿಕ್ಕಿನಲ್ಲಿ ಅರ್ಧ ದಾರಿ ಬಂದಿದೆ. ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೆ ಎಸ್, ಎಂ, ಎಲ್ ಜೊತೆಗೆ ಸೆಂಟಿಮೀಟರ್ ಅಳತೆಯೂ ಇರಬೇಕೆಂದು ಪೊಟ್ಟಣ ಸಾಮಗ್ರಿ ನಿಯಮಗಳಿಗೆ 2022ರಲ್ಲಿ ತಿದ್ದುಪಡಿ ತರಲಾಯಿತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಆದರೆ ‘ಪ್ರೀಮಿಯಂ’ ಎಂದಷ್ಟೇ ಬರೆದವನನ್ನು ಯಾವ ಆಧಾರದ ಮೇಲೆ ಪ್ರಶ್ನಿಸುವುದು? 180 ಜಿಎಸ್‌ಎಂ ಎಂದು ಬರೆದು 130ರದ್ದನ್ನು ಕಳಿಸಿದರೆ ತೂಗಿ ತೋರಿಸಬಹುದು. ಕೇಂದ್ರ ಜವಳಿ ಸಚಿವಾಲಯ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) 25 ಸಾವಿರಕ್ಕೂ ಹೆಚ್ಚು ಭಾರತೀಯರ ಮೈಯಳತೆ ಪಡೆದು ದೇಶದ್ದೇ ಸೈಜ್ ಚಾರ್ಟ್ ರೂಪಿಸಲು ‘ಇಂಡಿಯಾಸೈಜ್’ ಯೋಜನೆ ಕೈಗೊಂಡಿರುವುದು ಸ್ವಾಗತಾರ್ಹ. ಆದರೂ ಸಡಿಲ ಎಷ್ಟು ಬಿಡಬೇಕೆಂಬುದು ಆಯಾ ಕಂಪನಿಯ ಆಯ್ಕೆಯಾಗಿಯೇ ಉಳಿಯುವುದರಿಂದ, ಅಂಗಿಯ ನೈಜ ಅಳತೆ ಕೊಡುವ ಅಗತ್ಯ ತಪ್ಪುವುದಿಲ್ಲ.

ಅಂಗಿಯ ಎದೆ, ಭುಜ ಮತ್ತು ಉದ್ದ ಸೆಂಟಿಮೀಟರ್‌ನಲ್ಲಿ, ಬಟ್ಟೆಯ ಜಿಎಸ್‌ಎಂ, ನಾರಿನ ಶೇಕಡಾವಾರು, ಒಗೆದ ಮೇಲೆ ಕುಗ್ಗುವ ಪ್ರಮಾಣ ಇವನ್ನು ಬೆಲೆಯ ಪಕ್ಕದಲ್ಲೇ ತೋರಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರ ಸಚಿವಾಲಯ ಕಡ್ಡಾಯ ಮಾಡಬೇಕು. ತೂಕ, ಅಳತೆಗಳ ಮೇಲೆ ನಿಗಾ ಇಡುವ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ ಈ ಬಗ್ಗೆ ಶಿಫಾರಸು ಕಳಿಸಬೇಕು. ಅಲ್ಲಿಯವರೆಗೆ ಗಿರಾಕಿಗಳು ಈ ವಿವರಗಳನ್ನು ಮಾರಾಟಗಾರರಿಂದ ಬರಹದಲ್ಲೇ ಕೇಳಿ ಪಡೆದು, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡುವಾಗ ಅದು ಬೇಕಾಗುತ್ತದೆ.

ಇಂತಿ,
ಓರ್ವ ಓದುಗ, ಪೀಣ್ಯ, ಬೆಂಗಳೂರು