ಲೈಟ್ ಹತ್ತಿದ್ದಕ್ಕೆ ಬ್ರೇಕ್ ಆಯಿಲ್ ಬದಲಾಯ್ಸಿದ್ರು, ಲೈಟ್ ಹಂಗೇ ಇದೆ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಶುರುವಾಯ್ತು ಅಂದ್ರೆ ಘಾಟಿಲಿ ಬ್ರೇಕ್ ಫೇಲ್ ಆಗಿ ಗಾಡಿ ಚರಂಡಿಗಿಳೀತು, ತಡೆಗೋಡೆಗೆ ಗುದ್ದಿತು ಅನ್ನೋ ಸುದ್ದಿ ಪೇಪರ್‌ನಲ್ಲಿ ಬರ್ತಾನೇ ಇರುತ್ತೆ, ಆದ್ರೆ ಬ್ರೇಕ್ ಯಾಕೆ ಫೇಲ್ ಆಯ್ತು ಅಂತ ಯಾವ ಸುದ್ದೀಲೂ ಇರಲ್ಲ. ನಾನೂ ಇಷ್ಟು ವರ್ಷ ಓದಿ ಪುಟ ತಿರುಗಿಸ್ತಿದ್ದೆ. ಹೋದ ಜುಲೈನಲ್ಲಿ ನನ್ನ ಕಾಲಡಿನೇ ಪೆಡಲ್ ಮೆತ್ತಗಾದಾಗ ಗೊತ್ತಾಯ್ತು ಕಥೆ ಏನು ಅಂತ.

ಅತ್ತೆದು ಒಂದು ಹರಕೆ ಇತ್ತು, ಧರ್ಮಸ್ಥಳಕ್ಕೆ ಹೊರಟಿದ್ವಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯೋಕೆ ಶುರು ಮಾಡಿದ್ವಿ, ಮಳೆ ಬಿಟ್ಟಿತ್ತು ಆದ್ರೆ ಮಂಜು ದಟ್ಟ, ಮುಂದೆ ಒಂದು ಲಾರಿ, ನಾನು ಮೂರನೇ ಗೇರ್‌ನಲ್ಲೇ ಇಟ್ಕೊಂಡು ಬ್ರೇಕ್ ಮೇಲಿಂದ ಕಾಲು ತೆಗೀದೆ ಇಳೀತಿದೀನಿ (ತಪ್ಪು ನಂದೇ, ಎರಡನೇ ಗೇರ್ ಹಾಕಿ ಇಂಜಿನ್ ಕೈಲೇ ಗಾಡಿ ಹಿಡಿಸ್ಬೇಕಿತ್ತು). ಮೇಲಿನ ತಿರುವುಗಳಲ್ಲೇ ಕಾರು ಜಾರೋ ಚಿತ್ರ ಇರೋ ಹಳದಿ ಲೈಟ್ (ಟ್ರ್ಯಾಕ್ಷನ್ ಕಂಟ್ರೋಲ್‌ದು) ಹತ್ತಿತು, ಜೊತೆಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದ್ರೂ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋದು) ಲೈಟೂ ಹತ್ತಿತು. ಆಮೇಲೆ ಕೆಳಗಿನ ತಿರುವುಗಳಿಗೆ ಬರೋ ಹೊತ್ತಿಗೆ ಬ್ರೇಕ್ ಒತ್ತಿದ್ರೆ ಕಳಿತ ಬಾಳೆಹಣ್ಣು ಒತ್ತಿದಂಗೆ, ಪೆಡಲ್ ಒಳಗೋಯ್ತು. ಎರಡ್ಮೂರು ಸಲ ಪಂಪ್ ಮಾಡಿದ್ಮೇಲೆ ಹಿಡೀತು. ಹೆಂಡ್ತಿ "ರೀ, ಸೈಡಿಗೆ ಹಾಕ್ರೀ" ಅಂತ ಕಿರುಚಿದ್ಲು, ಅತ್ತೆ ಅಣ್ಣಪ್ಪಸ್ವಾಮಿನೇ ಕಾಪಾಡಿದ್ದು ಅಂದ್ರು, ಇವತ್ತಿಗೂ ಹಂಗೇ ಅಂತಾರೆ, ನಾನೂ ಇಲ್ಲ ಅನ್ನಲ್ಲ.

ಅರ್ಧ ಗಂಟೆ ನಿಲ್ಸಿದ್ವಿ. ಪೆಡಲ್ ಮೊದಲಿನಂಗೇ ಗಟ್ಟಿಯಾಯ್ತು. ಆದ್ರೆ ಲೈಟ್ ಹೋಗ್ಲಿಲ್ಲ. ಈ ಮಾತು ದಯವಿಟ್ಟು ನೆನಪಿಟ್ಕೊಳ್ಳಿ ಸರ್, ಇಡೀ ಪತ್ರ ಇದರ ಮೇಲೇ ನಿಂತಿದೆ.

ಊರಿಗೆ ವಾಪಸ್ ಬಂದು ಪೇಟೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಬಿಟ್ಟೆ, ಹೆಸರು ಬೇಡ. ಗಾಡಿಯ ತೊಂದರೆ ಓದೋ ಸ್ಕ್ಯಾನರ್ ಹಾಕ್ಲೇ ಇಲ್ಲ, ಬಾನೆಟ್ ಎತ್ತಿ ನೋಡಿ "ಬ್ರೇಕ್ ಆಯಿಲ್ ಕಪ್ಪಾಗಿದೆ ಸರ್, ಫ್ಲಶ್ ಮಾಡಿದ್ರೆ ಲೈಟು ಪೆಡಲ್ಲು ಎರಡೂ ಸರಿ ಹೋಗುತ್ತೆ" ಅಂದ್ರು. ಫ್ಲಶ್ ಅಂದ್ರೆ ಹಳೇದೆಲ್ಲ ಹೊರಗೆ ಬಿಟ್ಟು ಹೊಸದು ತುಂಬೋದು. ಬಿಲ್ 3,200 ರೂಪಾಯಿ. ಹೊರಗೆ ಬಂದು ನಾಲ್ಕು ಕಿಲೋಮೀಟರ್ ಆಗಿಲ್ಲ, ಅದೇ ಲೈಟ್. ವಾಪಸ್ ಹೋದ್ರೆ ಈಗ ಎಬಿಎಸ್ ಯೂನಿಟ್ಟೇ ಹೋಗಿದೆ, 48 ಸಾವಿರ, ಲೇಬರ್ ಬೇರೆ ಅಂತಾರೆ. ನಂದು 2019ರ ಗಾಡಿ, ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಬೈಕೇ ಬರುತ್ತೆ.

ಆಮೇಲೆ ನಮ್ಮೂರ ಕಡೆಯ ಒಬ್ಬ ಸಣ್ಣ ಮೆಕ್ಯಾನಿಕ್ ಹತ್ರ ಹೋದೆ, ತಗಡಿನ ಶೆಡ್ಡು, ಆದ್ರೆ ಒಂದು ಸ್ಕ್ಯಾನರ್ ಇಟ್ಕೊಂಡಿದಾನೆ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ, ಗಾಡಿ ಓಡಿಸಿ ಸಾರ್ ಅಂದ, ಅವನು ಪಕ್ಕದಲ್ಲಿ ಕೂತು ಸ್ಕ್ರೀನ್ ನನಗೇ ತೋರಿಸ್ದ. ಮೂರು ಚಕ್ರದ ಸ್ಪೀಡ್ 20 ಅಂತ ತೋರಿಸ್ತಿದೆ, ಹಿಂದಿನ ಎಡಗಡೆ ಚಕ್ರ ಸೊನ್ನೆ. ಜಾಕ್ ಹಾಕಿ ಚಕ್ರ ಬಿಚ್ಚಿದ್ರೆ ಚಕ್ರದ ಸ್ಪೀಡ್ ಅಳೆಯೋ ಸೆನ್ಸರ್‌ನ ವೈರ್ ಕ್ಲಿಪ್ ಹತ್ರ ಉಜ್ಜಿ ಉಜ್ಜಿ ತುಂಡಾಗಿದೆ, ಒಳಗಿನ ತಾಮ್ರಕ್ಕೆ ಹಸಿರು ಕಿಲುಬು. ತೋಟದ ರಸ್ತೆ ಕೆಸರು ತಿಂದು ತಿಂದು ಆಗಿದ್ದು. ಸೆನ್ಸರ್ 1,900, ಕೂಲಿ 300. ಲೈಟ್ ಆರಿ ಹೋಯ್ತು, ಇವತ್ತಿನವರೆಗೂ ಹತ್ತಿಲ್ಲ.

ಆ ಹಳದಿ ಲೈಟಿನ ಟ್ರ್ಯಾಕ್ಷನ್ ಕಂಟ್ರೋಲ್, ಅಂದ್ರೆ ಚಕ್ರ ಜಾರಿ ಸುಮ್ನೆ ತಿರುಗದಂಗೆ ನೋಡ್ಕೊಳ್ಳೋದು, ಅದಕ್ಕೆ ಬೇರೆ ಬ್ರೇಕ್ ಅಂತ ಇಲ್ಲ. ನಾಲ್ಕೂ ಚಕ್ರದ ಸೆನ್ಸರ್ ನೋಡಿ, ಯಾವ ಚಕ್ರ ಕೆಸರಲ್ಲಿ ಸುಮ್ನೆ ಗಿರಗಿರ ತಿರುಗ್ತಿದ್ಯೋ ಅದಕ್ಕೆ ಎಬಿಎಸ್ ಪಂಪಿನಿಂದಲೇ ಬ್ರೇಕ್ ಹಾಕ್ಸುತ್ತೆ, ಇಂಜಿನ್ ಪವರ್ರೂ ಕಮ್ಮಿ ಮಾಡುತ್ತೆ. ಒಂದು ಚಕ್ರದಿಂದ ಲೆಕ್ಕ ಬರ್ಲಿಲ್ಲ ಅಂದ್ರೆ ತಾನೇ ಆಫ್ ಆಗಿ ಲೈಟ್ ಹತ್ಸುತ್ತೆ, ಮಾಮೂಲಿ ಬ್ರೇಕ್ ಅದರ ಪಾಡಿಗೆ ಇರುತ್ತೆ. ಲೈಟ್ ಮಿಣಮಿಣ ಅಂದ್ರೆ ಅದು ಕೆಲಸ ಮಾಡ್ತಿದೆ ಅಂತ, ಹತ್ತಿ ನಿಂತ್ರೆ ಏನೋ ತೊಂದರೆ, ಇಲ್ಲಾ ಯಾರೋ ಆಫ್ ಬಟನ್ ಒತ್ತಿದಾರೆ ಅಂತ. ಕೆಂಪು ಬ್ರೇಕ್ ಲೈಟ್ ಹತ್ತಿ, ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ಹೋಗ್ಲಿಲ್ಲ ಅಂದ್ರೆ ಮಾತ್ರ ಅಲ್ಲೇ ನಿಲ್ಸಿ, ಆಯಿಲ್ ಇಳಿದಿರಬಹುದು, ಲೀಕ್ ಇರಬಹುದು.

ಹಂಗಾದ್ರೆ ಪೆಡಲ್ ಯಾಕೆ ಮೆತ್ತಗಾಯ್ತು? ಅದು ಬೇರೆ ಕಾಯಿಲೆ, ಒಂದೇ ದಿನ ಬಂದಿದ್ದಷ್ಟೇ. ಬ್ರೇಕ್ ಆಯಿಲ್‌ಗೆ ಗಾಳಿಲಿರೋ ತೇವ ಎಳ್ಕೊಳ್ಳೋ ಗುಣ, ಮುಚ್ಚಳ ಬಿಗಿಯಾಗಿದ್ರೂ ರಬ್ಬರ್ ಹೋಸ್ ಮೂಲಕ ನಿಧಾನಕ್ಕೆ ಸೇರುತ್ತೆ, ನಮ್ಮ ಮಲೆನಾಡಲ್ಲಂತೂ ಕೇಳ್ಬೇಡಿ, ಇಲ್ಲಿ ಉಪ್ಪೇ ಡಬ್ಬೀಲಿ ನೀರಾಗುತ್ತೆ. ಡಾಟ್ 4 (ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ) ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದೀಬಾರ್ದು ಅಂತ ಲೆಕ್ಕ, ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದ್ರೆ ಆ ಲೆಕ್ಕ 155ಕ್ಕೆ ಇಳಿಯುತ್ತೆ. ಡಾಟ್ 3 ಆದ್ರೆ 205 ಇದ್ದಿದ್ದು 140. ಘಾಟಿಲಿ ಹತ್ತು ನಿಮಿಷ ಬ್ರೇಕ್ ತುಳಿದೇ ಇಳಿದ್ರೆ ಡಿಸ್ಕ್ ಕಾದು ಆ ಬಿಸಿ ಆಯಿಲ್‌ಗೂ ಬರುತ್ತೆ, ನೀರು ಆವಿಯಾಗಿ ಗುಳ್ಳೆ ಕಟ್ಟುತ್ತೆ, ಆಯಿಲ್ ಒತ್ತಿದ್ರೆ ಕುಗ್ಗಲ್ಲ ಆದ್ರೆ ಆವಿ ಕುಗ್ಗುತ್ತೆ, ಪೆಡಲ್ ಒಳಗೆ ಹೋಗುತ್ತೆ. ತಣ್ಣಗಾದ್ರೆ ಮತ್ತೆ ಗಟ್ಟಿ. ಅದಕ್ಕೇ ಅರ್ಧ ಗಂಟೆಲಿ ಸರಿ ಹೋಗಿದ್ದು, ಅದಕ್ಕೇ "ಬ್ರೇಕ್ ಫೇಲ್" ಆದ ಎಷ್ಟೋ ಗಾಡಿ ಮಾರನೇ ದಿನ ನೋಡಿದ್ರೆ ಬ್ರೇಕ್ ಚೆನ್ನಾಗೇ ಇರುತ್ತೆ.

ಇನ್ನು ಅಸಲಿ ವಿಷಯ. ಫ್ಲಶ್ ಮಾಡಿದಾರಲ್ಲ ಅಂದೆ ಆ ಶೆಡ್ಡಿನ ಮೆಕ್ಯಾನಿಕ್ ಹುಡುಗನಿಗೆ. ಅವನು ಹಿಂದಿನ ಚಕ್ರದ ಬ್ಲೀಡಿಂಗ್ ನಿಪ್ಪಲ್ (ಹಳೇ ಆಯಿಲ್ ಹೊರಗೆ ಬಿಡೋ ಸಣ್ಣ ಮೂತಿ) ತೋರಿಸ್ದ, ಮೇಲಿನ ಕೆಸರು ಒಣಗಿ ಗಟ್ಟಿಯಾಗಿದೆ, ಸ್ಪ್ಯಾನರ್ ಬಿದ್ದ ಗುರುತೇ ಇಲ್ಲ. ದೊಡ್ಡ ವರ್ಕ್‌ಶಾಪಿನವರು ಬಾನೆಟ್ ಕೆಳಗಿನ ಡಬ್ಬಿಲಿದ್ದ ಆಯಿಲ್ ಸಿರಿಂಜಲ್ಲಿ ಎಳೆದು ಹೊಸದು ಸುರಿದಿದ್ರು ಅಷ್ಟೇ, ಪೈಪಲ್ಲಿ, ಚಕ್ರದ ಹತ್ರ ಡಿಸ್ಕ್ ಹಿಡಿಯೋ ಕ್ಯಾಲಿಪರಲ್ಲಿ ಇರೋದು ಹಳೇದೇ. ನಿಪ್ಪಲ್‌ಗೆ ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ಬಾಟ್ಲಿಗೆ ಬಿಟ್ಟು, ನನ್ನನ್ನ ಸೀಟಲ್ಲಿ ಕೂರ್ಸಿ "ಒತ್ತಿ ಸಾರ್, ಹಿಡ್ಕೊಳ್ಳಿ, ಹಾಂ ಬಿಡಿ" ಅಂತ ಒಂದೊಂದೇ ಚಕ್ರ ಮಾಡ್ದ, ಮೊದಲು ಬಂದಿದ್ದು ಥೇಟ್ ಕಾಫಿ ಡಿಕಾಕ್ಷನ್, ಆಮೇಲಾಮೇಲೆ ತಿಳಿ ಜೇನಿನ ಬಣ್ಣ. ಮಧ್ಯೆ ಮಧ್ಯೆ ಎದ್ದು ಹೋಗಿ ಡಬ್ಬಿ ತುಂಬಿಸ್ತಾನೇ ಇದ್ದ, ಯಾಕಂದ್ರೆ ಅದು ಖಾಲಿಯಾಗಿ ಗಾಳಿ ಎಬಿಎಸ್ ಯೂನಿಟ್ ಒಳಗೆ ಹೋದ್ರೆ ಪೆಡಲ್ ತುಳಿದು ತೆಗೆಯೋಕೆ ಕಷ್ಟ, ಸ್ಕ್ಯಾನರ್ ಹಾಕಿ ಆ ಪಂಪ್ ಓಡ್ಸಿ ತೆಗೀಬೇಕಾಗುತ್ತೆ. ಒಂದು ಲೀಟರ್ ಹತ್ರ ಹಿಡೀತು.

ಇನ್ನೊಂದು, ನಮ್ಮಲ್ಲಿ ಎಲ್ರೂ ಬ್ರೇಕ್ "ಆಯಿಲ್" ಅಂತೀವಿ, ನಾನೂ ಇಲ್ಲಿ ಅಷ್ಟೂ ಕಡೆ ಹಂಗೇ ಬರ್ದಿದೀನಿ, ಆದ್ರೆ ಅದು ಎಣ್ಣೆನೇ ಅಲ್ಲ. ಕಮ್ಮಿ ಇದೆ ಅಂತ ಇಂಜಿನ್ ಆಯಿಲ್ ಸುರಿದ್ರೆ ಒಳಗಿನ ರಬ್ಬರ್ ಸೀಲೆಲ್ಲ ಊದ್ಕೊಂಡು ಹೋಗುತ್ತೆ, ಆಗ ನಿಜವಾಗ್ಲೂ 48 ಸಾವಿರದ ಕೆಲಸ. ಡಬ್ಬಿ ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಅಂತ ಬರ್ದಿರುತ್ತೆ, ಅದನ್ನೇ ಹಾಕಿ. ಪೇಂಟ್ ಮೇಲೆ ಚೆಲ್ಲಿದ್ರೆ ಪೇಂಟನ್ನೂ ತಿನ್ನುತ್ತೆ, ತಕ್ಷಣ ನೀರು ಹಾಕಿ ತೊಳೀರಿ.

2019ರ ಏಪ್ರಿಲ್‌ನಿಂದ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ ಆಗಿದೆ, ಅಂದ್ರೆ ಈ ಸೆನ್ಸರ್, ಈ ಲೈಟ್ ಈಗ ಹಳ್ಳಿ ಹಳ್ಳೀಲೂ ಇದೆ, ಆ ಗಾಡಿಗಳೆಲ್ಲ ಈಗ ಹಳೇದಾಗ್ತಿವೆ. ಎಷ್ಟೋ ಗಾಡಿಗೆ ಎರಡು ವರ್ಷಕ್ಕೊಂದ್ಸಲ ಬ್ರೇಕ್ ಆಯಿಲ್ ಬದಲಾಯಿಸಿ ಅಂತ ಮ್ಯಾನುಯಲ್‌ನಲ್ಲೇ ಇರುತ್ತೆ, ಓದೋರು ಯಾರು, ನಾನು ಏಳು ವರ್ಷ ಓದಿರ್ಲಿಲ್ಲ. ಆದ್ರೆ ಲೈಟ್ ಹತ್ತಿದ್ದಕ್ಕೆ ಔಷಧಿ ಅಂತ ಅದನ್ನ ಮಾರೋದು ಬೇಡ. ವರ್ಕ್‌ಶಾಪಿನವರು ಬಿಲ್‌ನಲ್ಲಿ ಸ್ಕ್ಯಾನರ್ ತೋರ್ಸಿದ ತೊಂದರೆಯ ಕೋಡ್ ಬರೀಲಿ, ಚಕ್ರದಿಂದ ತೆಗೆದ ಹಳೇ ಆಯಿಲ್ ಬಾಟ್ಲಿಲಿ ಹಾಕಿ ತೋರಿಸ್ಲಿ. ಸಾರಿಗೆ ಇಲಾಖೆಯವರು ಇದನ್ನ ನಿಯಮ ಮಾಡೋಕಾಗುತ್ತಾ ನೋಡ್ಲಿ. ನಿಮ್ಮ ವರದಿಗಾರರೂ ಮುಂದಿನ ಸಲ ಘಾಟಿಲಿ ಬ್ರೇಕ್ ಫೇಲ್ ಅಂತ ಬರಿಯೋ ಮುಂಚೆ ಆ ಗಾಡಿಯ ಆಯಿಲ್ ಯಾವಾಗ ಬದಲಾಯ್ಸಿದ್ದು ಅಂತ ಒಂದು ಮಾತು ಕೇಳ್ಲಿ.

ದೊಡ್ಡ ವರ್ಕ್‌ಶಾಪಿಗೆ ಮತ್ತೆ ಹೋಗಿ ಒಣಗಿದ ನಿಪ್ಪಲ್ ಫೋಟೋ ತೋರ್ಸಿದೆ. "ಫ್ಲಶ್ ಅಂದ್ರೆ ನಮ್ಮಲ್ಲಿ ಅಷ್ಟೇ ಸರ್" ಅಂದ್ರು. ದುಡ್ಡು ವಾಪಸ್ ಬಂದಿಲ್ಲ. ಎರಡೂ ಬಿಲ್ಲು, ಫೋಟೋ ನನ್ನ ಹತ್ರ ಇದೆ, ಬೇಕಂದ್ರೆ ಕಳಿಸ್ತೀನಿ.

ಇಂತಿ,
ನಿಮ್ಮ ಓದುಗ
ಮೂಡಿಗೆರೆ ತಾಲ್ಲೂಕು