ವಾರ್ಡಿನ ಹಿರಿಯರೊಬ್ಬರ ನೆನಪು

ಮಾನ್ಯ ಸಂಪಾದಕರೇ,

ಬೇಲೂರು ಪುರಸಭೆಯಲ್ಲಿ ನಮ್ಮ ವಾರ್ಡನ್ನು ಎರಡು ಅವಧಿಗೆ ಪ್ರತಿನಿಧಿಸಿದ್ದ ಹಿರಿಯರೊಬ್ಬರು ಕಳೆದ ವಾರ ನಿಧನರಾದರು. ಮನೆಯವರು ಪ್ರಚಾರ ಬಯಸದ ಕಾರಣ ಹೆಸರು ಬರೆಯುತ್ತಿಲ್ಲ. ಊರಿನವರಿಗೆ ಅದರ ಅಗತ್ಯವೂ ಇಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಬೆಳಗಿನ ಐದಕ್ಕೇ ಮಫ್ಲರ್ ಸುತ್ತಿಕೊಂಡು ನೀರುಗಂಟಿಯೊಂದಿಗೆ ವಾಲ್ವ್ ಗುಂಡಿಯ ಬಳಿ ನಿಂತಿರುತ್ತಿದ್ದ ಅವರು, 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಾಗ ಬೀದಿಯಲ್ಲಿ 65 ದಾಟಿದವರ ಹೆಸರುಗಳನ್ನೆಲ್ಲ ಜೇಬಿನ ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ಒಬ್ಬೊಬ್ಬರ ಅರ್ಜಿಯನ್ನೂ ತಾವೇ ತಾಲ್ಲೂಕು ಕಚೇರಿಗೆ ಒಯ್ದು ಕೊಟ್ಟಿದ್ದರು. ಮುಂಗೋಪಿ ಎಂಬ ಮಾತಿತ್ತು, ಅದು ಸುಳ್ಳೂ ಅಲ್ಲ. ಮೂರನೆಯ ಚುನಾವಣೆಯಲ್ಲಿ ಸೋತದ್ದು ಅದರಿಂದಲೇ ಇರಬೇಕು. ಆದರೆ ಹಾಸಿಗೆ ಹಿಡಿದಿದ್ದ ತಾಯಿಗೆ ಗಂಜಿ ಕುಡಿಸದೆ ಅವರು ಯಾವ ಸಭೆಗೂ ಹೊರಟವರಲ್ಲ. ಚೈತ್ರದಲ್ಲಿ ಚನ್ನಕೇಶವಸ್ವಾಮಿಯ ರಥೋತ್ಸವ ನಡೆಯುವಾಗ ಗಣ್ಯರ ಸಾಲಿನಲ್ಲಿ ಕುರ್ಚಿ ಕಾದಿರಿಸಿದ್ದರೂ, ಬರಿಗಾಲಿನಲ್ಲಿ ಮಿಣಿ ಹಿಡಿದು ಜನರ ನಡುವೆಯೇ ತೇರೆಳೆಯುತ್ತಿದ್ದರು. ಆ ಸಣ್ಣ ಪುಸ್ತಕವನ್ನು ಅವರ ಸೊಸೆ ಜೋಪಾನವಾಗಿ ಇಟ್ಟಿದ್ದಾರೆ. ಅದರ ಕೊನೆಯ ಪುಟದಲ್ಲಿ ಪಿಂಚಣಿ ಇನ್ನೂ ಮಂಜೂರಾಗದ ಇಬ್ಬರು ಅಜ್ಜಿಯರ ಹೆಸರುಗಳಿವೆ.

– ಒಬ್ಬ ಓದುಗ, ಬೇಲೂರು, ಹಾಸನ ಜಿಲ್ಲೆ